ಎಂಜಿನ್ ಜ್ವರಕ್ಕೊಂದು ಥರ್ಮಾಮೀಟರ್

ಮಗುವಿನ ಮೈ ಬಿಸಿಯಾಗಿದೆ ಅನ್ನಿಸಿದಾಗ ತಾಯಿ ಮೊದಲು ಹಣೆ ಮುಟ್ಟಿ ನೋಡುತ್ತಾಳೆ. ಅನುಮಾನ ಬಂದರೆ ಥರ್ಮಾಮೀಟರ್ ಇಡುತ್ತಾಳೆ. ಆ ಥರ್ಮಾಮೀಟರೇ ಕೆಟ್ಟಿದ್ದು, ಚೆನ್ನಾಗಿರುವ ಮಗುವಿನ ಮೈ ಮಂಜಿನಂತೆ ತಣ್ಣಗಿದೆ ಎಂದು ತೋರಿಸಿದರೆ? ಅದನ್ನೇ ನಂಬಿದವರು ಕಂಬಳಿಯ ಮೇಲೆ ಕಂಬಳಿ ಹೊದಿಸುತ್ತಾರೆ. ತಾಯಿಗಾದರೆ ಕೈಯ ಸ್ಪರ್ಶವಿದೆ, ತಪ್ಪು ಬೇಗ ತಿಳಿಯುತ್ತದೆ. ಕಾರಿನ ಎಂಜಿನ್ನನ್ನು ನೋಡಿಕೊಳ್ಳುವ ಕಂಪ್ಯೂಟರಿಗೆ ಕೈಗಳಿಲ್ಲ. ಬೆರಳುದ್ದದ ಒಂದು ಹಿತ್ತಾಳೆಯ ತುಂಡು ಏನು ಹೇಳುತ್ತದೋ ಅದೇ ಅದರ ಪಾಲಿಗೆ ಸತ್ಯ.

ಮೈಸೂರಿನ ಒಂದು ಬಡಾವಣೆಯ ಮನೆಯಲ್ಲಿ ಈ ತುಂಡು ಸುಳ್ಳು ಹೇಳತೊಡಗಿತು. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರು. ಮಗಳು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ತಾತ ಒಂದು ಕಾಲದಲ್ಲಿ ಅಂಬಾಸಡರ್ ಟ್ಯಾಕ್ಸಿ ಓಡಿಸಿದವರು. ಮನೆಯ ಮುಂದಿರುವುದು ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಡಿಸೆಂಬರ್ ತಿಂಗಳ ಒಂದು ವಾರ ಅದರ ನಡವಳಿಕೆಯೇ ಬದಲಾಯಿತು. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ, ಎಂಜಿನ್ ಇನ್ನೂ ತಣ್ಣಗಿರುವಾಗಲೇ, ರೇಡಿಯೇಟರ್ ಫ್ಯಾನು ಗುಯ್ ಎಂದು ತಿರುಗುತ್ತಿತ್ತು. ಹೊಗೆ ಕೊಳವೆಯ ತುದಿಗೆ ಒಲೆಯ ಮಸಿಯಂಥ ಕಪ್ಪು ಕಟ್ಟಿತು. ಪೆಟ್ರೋಲು ಮಾಮೂಲಿಗಿಂತ ಬೇಗ ಖಾಲಿಯಾಗುತ್ತಿತ್ತು. ಇದೆಲ್ಲದರ ಮೇಲೆ, ಮುಂಭಾಗದ ಫಲಕದಲ್ಲಿ ಎಂಜಿನ್ ಚಿತ್ರವಿರುವ ಹಳದಿ ದೀಪ ಹತ್ತಿಕೊಂಡು ಕೂತುಬಿಟ್ಟಿತು.

ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, "ಸೆನ್ಸರ್ ಹೋಗಿರ್ಬೇಕು ಸಾರ್, ಇಲ್ಲಾ ಅಂದ್ರೆ ಕಂಪ್ಯೂಟರೇ ಹೋಗಿರ್ಬೇಕು. ಬಿಟ್ಟು ಹೋಗಿ, ನಾಲ್ಕು ದಿನ ಆಗತ್ತೆ" ಎಂದರು. 'ಇರ್ಬೇಕು' ಎಂಬ ಮಾತಿಗೂ 'ಇದೆ' ಎಂಬ ಮಾತಿಗೂ ಸಾವಿರಾರು ರೂಪಾಯಿಗಳ ಅಂತರವಿದೆ. ಅಪ್ಪ ಚಿಂತೆಯಲ್ಲೇ ಮನೆಗೆ ಬಂದರು.

"ಯಾವ ಸೆನ್ಸರ್ ಅಪ್ಪ?" ಎಂದಳು ಮಗಳು.

"ಅದೇನೋ ಟೆಂಪರೇಚರ್‌ದಂತೆ. ನಿನಗ್ಯಾಕೆ ಅದೆಲ್ಲ? ಪರೀಕ್ಷೆ ಹತ್ತಿರ ಬಂತು, ಹೋಗಿ ಓದಿಕೋ."

"ಓದ್ತಾ ಇರೋದೇ ಅದು ಅಪ್ಪ. ಬಿಸಿ ಮಾಡಿದ್ರೆ ಲೋಹದ ರೋಧ ಜಾಸ್ತಿ ಆಗತ್ತೆ, ಅರೆವಾಹಕದ್ದು ಕಡಿಮೆ ಆಗತ್ತೆ. ಎರಡು ಅಂಕದ ಪ್ರಶ್ನೆ."

ಅಪ್ಪ ಉತ್ತರ ಕೊಡಲಿಲ್ಲ. ಆದರೆ ಆ ಸಂಜೆ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ, ಕಾರಿನ ದೋಷ ಓದುವ ಪುಟ್ಟ ಸ್ಕ್ಯಾನರ್ ಒಂದನ್ನು ಎರಡು ವಾರದ ಮಟ್ಟಿಗೆ ಕೇಳಿದರು.

ಚೋಕ್ ಎಳೆಯುತ್ತಿದ್ದ ಕಾಲ

ಪೆಟ್ರೋಲು ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯೊಡನೆ ಬೆರೆತ ಮೇಲೆಯೇ ಉರಿಯುತ್ತದೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ತಣ್ಣಗಿರುವಾಗ ಸಿಂಪಡಿಸಿದ ಪೆಟ್ರೋಲಿನ ಒಂದು ಪಾಲು ಆವಿಯಾಗದೆ ಲೋಹದ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಹೆಚ್ಚು ಪೆಟ್ರೋಲು ಕೊಡಬೇಕು. ಎಂಜಿನ್ ಬಿಸಿಯೇರಿದಂತೆ ಆ ಹೆಚ್ಚುವರಿಯನ್ನು ಕಡಿಮೆ ಮಾಡುತ್ತ ಬರಬೇಕು.

ತಾತನ ಕಾಲದಲ್ಲಿ ಈ ಕೆಲಸ ಚಾಲಕನದು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 ಕಾರುಗಳಲ್ಲಿ ಚೋಕ್ ಎಂಬ ಗುಂಡಿ ಇತ್ತು. ಚಳಿಗಾಲದ ಬೆಳಿಗ್ಗೆ ಅದನ್ನು ಎಳೆದರೆ ಕಾರ್ಬುರೇಟರಿಗೆ ಹೋಗುವ ಗಾಳಿ ಕಡಿಮೆಯಾಗಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತಿತ್ತು. ಗಾಡಿ ಬಿಸಿಯಾದ ಮೇಲೆ ಗುಂಡಿಯನ್ನು ಒಳಗೆ ತಳ್ಳಬೇಕು. ಮರೆತರೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಖಾಲಿ ಜೇಬು.

"ಹಾಗಾದ್ರೆ ನಮ್ಮ ಗಾಡಿ ಚೋಕ್ ಎಳೆದಿಟ್ಟ ಹಾಗೇ ಓಡ್ತಾ ಇದೆ ಅನ್ನು" ಎಂದರು ತಾತ. ಅವರು ಕಂಪ್ಯೂಟರಿನ ಪಾಠ ಓದಿದವರಲ್ಲ. ಆದರೂ ರೋಗವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದರು.

ವಾಹನಗಳ ಹೊಗೆಗೆ ಕಡಿವಾಣ ಬಿದ್ದಂತೆಲ್ಲ ಚೋಕ್ ಗುಂಡಿ ಮರೆಯಾಯಿತು. ನಮ್ಮ ದೇಶದಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಎಂಬ ಹೊಗೆ ಶುದ್ಧೀಕರಣ ಸಾಧನ ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ, ಮೊದಲಿಗೆ ನಾಲ್ಕು ಮಹಾನಗರಗಳಲ್ಲಿ. 2000ದ ಏಪ್ರಿಲ್‌ನಿಂದ ನಿಯಮ ಇನ್ನಷ್ಟು ಬಿಗಿಯಾಯಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಜಾರಿಗೆ ಬಂದಿತು. ಪೆಟ್ರೋಲನ್ನು ಹನಿಹನಿಯಾಗಿ ಲೆಕ್ಕ ಹಾಕಿ ಕೊಡುವ ಕೆಲಸವನ್ನು ಚಾಲಕನ ಕೈಯಿಂದ ಕಂಪ್ಯೂಟರ್ ಪಡೆದುಕೊಂಡಿತು. ಲೆಕ್ಕ ಹಾಕಲು ಅದಕ್ಕೆ ಮೊದಲು ಗೊತ್ತಾಗಬೇಕಾದ ಸಂಗತಿಗಳಲ್ಲಿ ಒಂದು, ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದು. ಎಂಜಿನ್ನಿನ ಸುತ್ತ ಹರಿದು ಅದನ್ನು ತಂಪಾಗಿಡುವ ಕೂಲೆಂಟ್ ದ್ರವದಲ್ಲಿ ತುದಿ ಅದ್ದಿಕೊಂಡು ಕೂತಿರುವ ಸೆನ್ಸರ್ ಅದನ್ನು ತಿಳಿಸುತ್ತದೆ.

ಒಳಗೆ ಇರುವುದೇನು?

ಹಿತ್ತಾಳೆಯ ಕವಚದೊಳಗೆ ಇರುವುದು ಥರ್ಮಿಸ್ಟರ್ ಎಂಬ ಸಣ್ಣ ಗುಳಿಗೆ. ಲೋಹಗಳ ಆಕ್ಸೈಡ್‌ಗಳನ್ನು ಬೆರೆಸಿ ಸುಟ್ಟು ಮಾಡಿದ ಅರೆವಾಹಕ ಅದು. ತಂಪಾಗಿದ್ದಾಗ ವಿದ್ಯುತ್ತನ್ನು ಹೆಚ್ಚು ತಡೆಯುತ್ತದೆ, ಬಿಸಿಯಾದಂತೆ ದಾರಿ ಬಿಡುತ್ತದೆ. ಬಿಸಿಯಾದಂತೆ ರೋಧ ಕಡಿಮೆಯಾಗುವ ಈ ಗುಣವನ್ನು ಸಿಲ್ವರ್ ಸಲ್ಫೈಡ್‌ನಲ್ಲಿ ಮೈಕೆಲ್ ಫ್ಯಾರಡೆ 1833ರಲ್ಲೇ ಗುರುತಿಸಿದ್ದ.

ಬಹಳಷ್ಟು ಕಾರುಗಳಲ್ಲಿ ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರಿನ ಲೆಕ್ಕ ಹೀಗಿದೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ರೋಧ ಸುಮಾರು 5,900 ಓಮ್. 20 ಡಿಗ್ರಿಯಲ್ಲಿ 2,500 ಓಮ್. 40ರಲ್ಲಿ ಸುಮಾರು 1,180, 80ರಲ್ಲಿ ಸುಮಾರು 320. 100 ಡಿಗ್ರಿಯಲ್ಲಿ ಕೇವಲ 186 ಓಮ್. ಬೇರೆ ಕಾರುಗಳಲ್ಲಿ ಅಂಕಿಗಳು ಬೇರೆ ಇರಬಹುದು, ಇಳಿಯುವ ರೀತಿ ಮಾತ್ರ ಇದೇ.

ಕಂಪ್ಯೂಟರಿಗೆ ರೋಧವನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಅದು ಅಳೆಯುವುದು ವೋಲ್ಟೇಜನ್ನು. ಅದಕ್ಕಾಗಿ ಕಂಪ್ಯೂಟರಿನ ಒಳಗೆ ಬದಲಾಗದ ಒಂದು ರೋಧಕವಿದೆ. ಅದರ ಬೆಲೆ 2,500 ಓಮ್ ಎಂದು ಇಟ್ಟುಕೊಳ್ಳೋಣ. ಅದು ಮತ್ತು ಸೆನ್ಸರ್ ಒಂದರ ಹಿಂದೊಂದು ಸರಣಿಯಲ್ಲಿ ನಿಂತು 5 ವೋಲ್ಟನ್ನು ಹಂಚಿಕೊಳ್ಳುತ್ತವೆ. ಅಣ್ಣ ತಮ್ಮಂದಿರು ಆಸ್ತಿ ಹಂಚಿಕೊಂಡಂತೆ. ಯಾರ ರೋಧ ಹೆಚ್ಚೋ ಅವರಿಗೆ ಪಾಲು ಹೆಚ್ಚು. 20 ಡಿಗ್ರಿಯಲ್ಲಿ ಇಬ್ಬರದೂ ಸಮ, ಆದ್ದರಿಂದ ಸೆನ್ಸರಿನ ಪಾಲಿಗೆ 2.5 ವೋಲ್ಟ್. 80 ಡಿಗ್ರಿಯಲ್ಲಿ ಸೆನ್ಸರಿನ ಪಾಲು ಸುಮಾರು 0.57 ವೋಲ್ಟ್. 0 ಡಿಗ್ರಿಯಲ್ಲಿ ಸುಮಾರು 3.5 ವೋಲ್ಟ್. ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ತಾವೇ ಲೆಕ್ಕ ಹಾಕಿ ನೋಡಬಹುದು.

ಈಗ ಒಂದು ಪ್ರಶ್ನೆ. ಸೆನ್ಸರಿನ ಒಳಗಿನ ತಂತಿ ಕಡಿದುಹೋದರೆ ಏನಾಗುತ್ತದೆ? ರೋಧ ಅನಂತ. ಪೂರ್ತಿ 5 ವೋಲ್ಟೂ ಅದರ ಪಾಲಿಗೇ. ಕಂಪ್ಯೂಟರಿನ ಕಣ್ಣಿಗೆ ಅದು ಹಿಮಾಲಯದ ಚಳಿಗಿಂತ ಹೆಚ್ಚಿನ ಚಳಿ!

ಕುಕ್ಕರಿನ ಮುಚ್ಚಳ

ಶನಿವಾರ ಸಂಜೆ ಅಪ್ಪ ಬ್ಯಾಂಕಿನಿಂದ ಸ್ಕ್ಯಾನರ್ ಹಿಡಿದುಕೊಂಡೇ ಬಂದರು. ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಕೂಲೆಂಟ್ ಇದೆಯೋ ಇಲ್ಲವೋ ನೋಡೋಣವೆಂದು ರೇಡಿಯೇಟರ್ ಮುಚ್ಚಳದ ಮೇಲೆ ಕೈ ಇಟ್ಟರು.

"ಕೈ ತೆಗಿ!" ತಾತ ಕೂಗಿದ ರಭಸಕ್ಕೆ ಒಳಗಿದ್ದ ಅಮ್ಮ ಹೊರಗೆ ಓಡಿ ಬಂದರು. "ಕುಕ್ಕರ್ ಸೀಟಿ ಹಾಕ್ತಿರೋವಾಗ ಮುಚ್ಚಳ ತೆಗೀತಾರೇನೋ?"

ತಾತ ಬೆದರಿಸಲು ಹೇಳಿದ ಮಾತಲ್ಲ ಅದು. ರೇಡಿಯೇಟರಿನ ಮುಚ್ಚಳವೂ ಅಡುಗೆಮನೆಯ ಪ್ರೆಷರ್ ಕುಕ್ಕರೂ ಒಂದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಒಳಗಿನ ಒತ್ತಡ ಹೊರಗಿನ ವಾತಾವರಣಕ್ಕಿಂತ ಸುಮಾರು ಒಂದು ವಾತಾವರಣದಷ್ಟು ಹೆಚ್ಚಾದರೆ ನೀರು 100 ಡಿಗ್ರಿಗೆ ಕುದಿಯದೆ 120 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಅಷ್ಟು ಬಿಸಿಯಾದ ದ್ರವದ ಮೇಲಿನ ಮುಚ್ಚಳವನ್ನು ತಟ್ಟನೆ ತೆರೆದರೆ ಒತ್ತಡ ಒಮ್ಮೆಗೇ ಇಳಿದು, ದ್ರವದ ಒಂದು ಪಾಲು ಆ ಕ್ಷಣವೇ ಆವಿಯಾಗಿ, ಉಳಿದದ್ದನ್ನೂ ಎತ್ತಿಕೊಂಡು ಮುಖಕ್ಕೆ ಚಿಮ್ಮುತ್ತದೆ. ಇಂಥ ಸುಟ್ಟಗಾಯ ಮಾಯುವುದು ಸುಲಭವಲ್ಲ, ಕಣ್ಣಿಗೆ ಬಿದ್ದರಂತೂ ಹೇಳುವುದೇ ಬೇಡ.

ಕಾರಿನ ಈ ಭಾಗಕ್ಕೆ ಕೈ ಹಾಕುವವರು ಮೊದಲು ಕಲಿಯಬೇಕಾದ ಪಾಠ ಇದೇ. ಎಂಜಿನ್ ರಾತ್ರಿಯಿಡೀ ತಣಿಯಬೇಕು. ಇನ್ನೊಂದು ಎಚ್ಚರಿಕೆಯೂ ಇದೆ. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿ ಕೀಲಿ ತೆಗೆದ ಮೇಲೂ ರೇಡಿಯೇಟರ್ ಫ್ಯಾನು ತಾನಾಗಿ ತಿರುಗಬಲ್ಲದು. ಬಿಸಿ ಎಂಜಿನ್ನಿನ ಹತ್ತಿರ ಬೆರಳು, ಜಡೆ, ವೇಲು, ತೂಗಾಡುವ ಬಟ್ಟೆ ಯಾವುದೂ ಇರಕೂಡದು.

ಆ ಸಂಜೆ ಬಾನೆಟ್ ಮುಚ್ಚಿತು.

ಮೈಸೂರಿನಲ್ಲಿ ಮೈನಸ್ 40!

ಭಾನುವಾರ ಬೆಳಿಗ್ಗೆ ಏಳು ಗಂಟೆ. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಸ್ಕ್ಯಾನರನ್ನು ಸಿಕ್ಕಿಸಿ, ಎಂಜಿನ್ ಶುರು ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದರು. ಮೊಬೈಲ್ ತೆರೆಯ ಮೇಲೆ ಪಿ0118 ಎಂಬ ಸಂಕೇತ ಬಂತು. ಕೂಲೆಂಟ್ ಉಷ್ಣತೆ ಎಂಬಲ್ಲಿ ಮೈನಸ್ 40 ಡಿಗ್ರಿ ಎಂದಿತ್ತು.

"ಮೈಸೂರಲ್ಲಿ ಮೈನಸ್ ನಲವತ್ತಾ!" ಎಂದು ಮಗಳು ನಕ್ಕಳು. ಅಪ್ಪ, "ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ನೋಡು" ಎಂದರು. ಅದರಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಎರಡು ಮಾಪಕಗಳೂ ಒಂದೇ ಅಂಕಿ ತೋರಿಸುವ ಏಕೈಕ ಉಷ್ಣತೆ ಮೈನಸ್ 40.

ಈ ಸಂಕೇತಗಳಿಗೆ ಒಂದು ವ್ಯಾಕರಣವಿದೆ. 'ಪಿ' ಎಂದರೆ ಎಂಜಿನ್ ಮತ್ತು ಗೇರ್ ವಿಭಾಗ. ಮುಂದಿನ ಸೊನ್ನೆ, ಇದು ಎಲ್ಲ ತಯಾರಕರಿಗೂ ಸಮಾನವಾದ ಸಂಕೇತ ಎಂದು ಹೇಳುತ್ತದೆ. ನಂತರದ 1 ಇಂಧನ ಮತ್ತು ಗಾಳಿಯ ಅಳತೆಗೆ ಸಂಬಂಧಿಸಿದ್ದು. ಕೊನೆಯ ಎರಡು ಅಂಕಿಗಳು ನಿರ್ದಿಷ್ಟ ದೋಷವನ್ನು ಸೂಚಿಸುತ್ತವೆ. 0118 ಎಂದರೆ ಕೂಲೆಂಟ್ ಸೆನ್ಸರ್ ಮಂಡಲದಲ್ಲಿ ವೋಲ್ಟೇಜ್ ಅತಿಯಾಗಿದೆ, ಅಂದರೆ ಎಲ್ಲೋ ಸಂಪರ್ಕ ಕಡಿದಿದೆ. 0117 ಬಂದಿದ್ದರೆ ವೋಲ್ಟೇಜ್ ಅತಿ ಕಡಿಮೆ, ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. 0128 ಬಂದಿದ್ದರೆ ಕಥೆಯೇ ಬೇರೆ. ಆಗ ಸೆನ್ಸರ್ ನಿಜವನ್ನೇ ಹೇಳುತ್ತಿದ್ದು, ಥರ್ಮೋಸ್ಟಾಟ್ ತೆರೆದುಕೊಂಡೇ ಉಳಿದು ಎಂಜಿನ್ ಬಿಸಿಯೇರದೆ ಇರುವ ಸಾಧ್ಯತೆ ಹೆಚ್ಚು.

ಇಲ್ಲಿ ಬಹಳ ಜನ ಎಡವುತ್ತಾರೆ. ಸಂಕೇತದಲ್ಲಿ ಸೆನ್ಸರಿನ ಹೆಸರು ಕಂಡ ಕೂಡಲೇ ಅಂಗಡಿಗೆ ಓಡಿ ಹೊಸದನ್ನು ತರುತ್ತಾರೆ. ಸಂಕೇತ ಹೇಳುವುದು 'ಈ ಮಂಡಲದಲ್ಲಿ ತೊಂದರೆ ಇದೆ' ಎಂದಷ್ಟೆ. ಮಂಡಲದಲ್ಲಿ ಸೆನ್ಸರಿದೆ, ಎರಡು ತಂತಿಗಳಿವೆ, ಗ್ಯಾರೇಜಿನವರು ಕಪ್ಲರ್ ಎನ್ನುವ ಪ್ಲಾಸ್ಟಿಕ್ ಜೋಡಣೆಯಿದೆ, ಕಂಪ್ಯೂಟರಿದೆ. ತಂತಿಯನ್ನು ಇಲಿ ಕಡಿದಿದ್ದರೂ ಇದೇ ಸಂಕೇತ ಬರುತ್ತದೆ.

ಫ್ಯಾನು ಸದಾ ತಿರುಗುತ್ತಿದ್ದುದಕ್ಕೂ ಈಗ ಉತ್ತರ ಸಿಕ್ಕಿತು. ಸೆನ್ಸರಿನ ಮಾತು ನಂಬುವಂಥದ್ದಲ್ಲ ಎಂದು ಗೊತ್ತಾದಾಗ ಬಹಳಷ್ಟು ಕಾರುಗಳ ಕಂಪ್ಯೂಟರ್ ಒಂದು ಊಹೆಯ ಉಷ್ಣತೆಯನ್ನು ಇಟ್ಟುಕೊಂಡು ಪೆಟ್ರೋಲ್ ಲೆಕ್ಕ ಮಾಡುತ್ತದೆ. ಎಂಜಿನ್ ಕಾದು ಹಾಳಾಗದಿರಲೆಂದು ಫ್ಯಾನನ್ನು ಬಿಡುವಿಲ್ಲದೆ ತಿರುಗಿಸುತ್ತದೆ.

ಕಾಗದದ ಕ್ಲಿಪ್ಪು ಕೊಟ್ಟ ತೀರ್ಪು

ಥರ್ಮೋಸ್ಟಾಟ್ ಕವಚದ ಪಕ್ಕದಲ್ಲಿ ಎರಡು ತಂತಿಗಳ ಸೆನ್ಸರ್ ಸಿಕ್ಕಿತು. ಕಾರಿನ ಜೊತೆ ಬಂದಿದ್ದ ಪುಸ್ತಕದಲ್ಲಿ ಅದರ ಜಾಗ ಇರಲಿಲ್ಲ. ಅದೇ ಮಾದರಿಯ ದುರಸ್ತಿ ಕೈಪಿಡಿಯಲ್ಲಿ ಇತ್ತು. ಕೀಲಿ ತೆಗೆದು, ಕಪ್ಲರಿನ ಲಾಕನ್ನು ಒತ್ತಿ, ತಂತಿ ಜಗ್ಗದೆ ಪ್ಲಾಸ್ಟಿಕ್ ಭಾಗವನ್ನೇ ಹಿಡಿದು ಎಳೆದರು. ಒಳಗೆ ಹಸಿರು ಕಿಲುಬು ಇರಲಿಲ್ಲ, ಪಿನ್ನು ಬಾಗಿರಲಿಲ್ಲ.

ಮಗಳು ರೆಕಾರ್ಡ್ ಪುಸ್ತಕದಿಂದ ಒಂದು ಕಾಗದದ ಕ್ಲಿಪ್ ತೆಗೆದು ನೇರ ಮಾಡಿದಳು. ಕಪ್ಲರಿನ ಎರಡು ರಂಧ್ರಗಳನ್ನು ಅದರಿಂದ ಜೋಡಿಸಿದರೆ ರೋಧ ಸೊನ್ನೆಯಾಗುತ್ತದೆ. ತಂತಿ ಮತ್ತು ಕಂಪ್ಯೂಟರ್ ಸರಿಯಿದ್ದರೆ ಸ್ಕ್ಯಾನರ್ ಈಗ ಅತಿ ಬಿಸಿ ಎಂದು ತೋರಿಸಲೇಬೇಕು. ತಂತಿ ಕಡಿದಿದ್ದರೆ ಮೈನಸ್ 40 ಹಾಗೇ ಉಳಿಯಬೇಕು.

"ಕಂಪ್ಯೂಟರ್ ಸುಟ್ಟುಹೋದ್ರೆ?" ಎಂದು ಅಪ್ಪ ತಡೆದರು. ಕೇಳಬೇಕಾದ ಪ್ರಶ್ನೆಯೇ ಅದು. ಮಗಳು ಓಮ್‌ನ ನಿಯಮ ಬರೆದು ತೋರಿಸಿದಳು. 5 ವೋಲ್ಟನ್ನು 2,500 ಓಮ್‌ನಿಂದ ಭಾಗಿಸಿದರೆ 0.002 ಆಂಪಿಯರ್. ಒಳಗಿನ ರೋಧಕ ಇರುವ ತನಕ ಅದಕ್ಕಿಂತ ಹೆಚ್ಚು ಪ್ರವಾಹ ಹರಿಯುವಂತಿಲ್ಲ. ಅಪ್ಪ ಆ ಸಾಲನ್ನು ಎರಡು ಸಲ ಓದಿ, ಕೈಪಿಡಿಯಲ್ಲಿ ಇದೇ ಪರೀಕ್ಷೆ ಇರುವುದನ್ನು ನೋಡಿಕೊಂಡು, "ಸರಿ, ಮಾಡು" ಎಂದರು. ಮೂರು ನಾಲ್ಕು ತಂತಿಗಳಿರುವ ಸೆನ್ಸರುಗಳಿಗೆ ಈ ಉಪಾಯ ಸಲ್ಲದು ಎಂಬುದನ್ನು ಓದುಗರು ನೆನಪಿಡಬೇಕು. ಯಾವ ತಂತಿ ಯಾವುದೆಂದು ಖಚಿತವಾಗಿ ಗೊತ್ತಿಲ್ಲದಿದ್ದರೆ ಮುಟ್ಟಲೇಬಾರದು.

ಕ್ಲಿಪ್ಪು ಒಳಗೆ ಹೋಯಿತು. ಕೀಲಿ ತಿರುಗಿತು. ಮೈನಸ್ 40 ಇದ್ದ ಕಡೆ 130 ಡಿಗ್ರಿಗೂ ಮೀರಿದ ಅಂಕಿ ಬಂತು. ತಂತಿ ಸರಿ, ಕಪ್ಲರ್ ಸರಿ, ಕಂಪ್ಯೂಟರೂ ಸರಿ. ಇನ್ನು ಉಳಿದದ್ದು ಸೆನ್ಸರ್ ಒಂದೇ. ಅದರ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದಾಗ ಅಳತೆಗೆ ಸಿಗದಷ್ಟು ರೋಧ ಎಂದು ತೋರಿಸಿತು. 'ಇರ್ಬೇಕು' ಹೋಗಿ 'ಇದೆ' ಆಯಿತು.

ಅಡುಗೆಮನೆಯ ಪ್ರಯೋಗಶಾಲೆ

ಆ ವಾರ ಅಪ್ಪ ಬಸ್ಸಿನಲ್ಲಿ ಓಡಾಡಿದರು. ಹೆಚ್ಚುವರಿ ಪೆಟ್ರೋಲು ಸುಮ್ಮನೆ ವ್ಯರ್ಥವಾಗುವುದಿಲ್ಲ. ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಎಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಉರಿಯದೆ ಹೊರಬಂದ ಪಾಲು ಕೆಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕಾಯಿಸುತ್ತದೆ. ಕೆಲವು ನೂರರಿಂದ ಒಂದೆರಡು ಸಾವಿರ ರೂಪಾಯಿಯ ಸೆನ್ಸರಿನ ದೋಷ, ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಭಾಗವನ್ನು ಬಲಿ ತೆಗೆದುಕೊಳ್ಳುತ್ತದೆ.

ಮುಂದಿನ ಶನಿವಾರ ಹೊಸ ಸೆನ್ಸರ್ ಬಂತು. ಭಾಗದ ಸಂಖ್ಯೆ ಕೈಪಿಡಿಯಲ್ಲಿದ್ದುದಕ್ಕೆ ಸರಿಹೊಂದಿತ್ತು. ಆದರೂ ಹಾಕುವ ಮೊದಲು ಪರೀಕ್ಷಿಸಬೇಕೆಂದು ಮಗಳು ಹಟ ಹಿಡಿದಳು. ಅಮ್ಮ ಅಡುಗೆಗೆ ಬಳಸದ ಒಂದು ಹಳೆಯ ಪಾತ್ರೆ ಕೊಟ್ಟರು.

ಸೆನ್ಸರಿನ ಲೋಹದ ತುದಿಯಷ್ಟೇ ಮುಳುಗಬೇಕು, ಪಿನ್ನುಗಳಿಗೆ ನೀರು ತಾಗಬಾರದು. ಮೊದಲು ಮಂಜುಗಡ್ಡೆ ಬೆರೆಸಿದ ನೀರು: ಸುಮಾರು 5,900 ಓಮ್. ಕೋಣೆಯ ಉಷ್ಣತೆ 25 ಡಿಗ್ರಿ: ಸುಮಾರು 2,060. ಕೊನೆಗೆ ಕುದಿಯುವ ನೀರು. ಪಟ್ಟಿಯ ಪ್ರಕಾರ 186 ಬರಬೇಕು. ಮೀಟರು 200ರ ಹತ್ತಿರ ನಿಂತಿತು. ನೀರು ಕೊತಕೊತ ಕುದಿಯುತ್ತಿತ್ತು, ಅಂಕಿ ಕೆಳಗಿಳಿಯಲಿಲ್ಲ.

"ಹೊಸದೂ ಕೆಟ್ಟಿದೆಯಾ?" ಎಂದರು ಅಪ್ಪ. ಮಗಳ ಮುಖ ಸಣ್ಣಗಾಯಿತು. ಅಂಗಡಿಗೆ ವಾಪಸು ಕೊಡುವ ಮಾತೂ ಬಂತು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅಮ್ಮ, "ಊಟಿಗೆ ಹೋದಾಗ ತೆರೆದ ಪಾತ್ರೇಲಿ ಬೇಳೆ ಬೇಯ್ಲೇ ಇಲ್ವಲ್ಲ, ಅಂಥದ್ದೇನಾದ್ರೂ ಇರಬಹುದಾ?" ಎಂದರು.

ಅಂಥದ್ದೇ ಇತ್ತು. ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರ ಮಟ್ಟದಲ್ಲಿ, ಮಂಗಳೂರು ಕಾರವಾರಗಳಂಥ ಊರುಗಳಲ್ಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಕುದಿಯುವ ಬಿಂದುವೂ ಇಳಿಯುತ್ತದೆ. ಮೈಸೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 97ರಿಂದ 98 ಡಿಗ್ರಿಯ ನಡುವೆ ಕುದಿಯುತ್ತದೆ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೆ. ಆ ಉಷ್ಣತೆಯಲ್ಲಿ ಈ ಸೆನ್ಸರ್ 200 ಓಮ್‌ನ ಆಸುಪಾಸಿನಲ್ಲೇ ಇರಬೇಕು. ಮೀಟರು ತೋರಿಸಿದ್ದು ಸರಿಯಾದ ಅಂಕಿಯನ್ನೇ. ತಪ್ಪಿದ್ದು ನೀರು ಎಲ್ಲ ಊರಲ್ಲೂ 100ಕ್ಕೇ ಕುದಿಯುತ್ತದೆ ಎಂಬ ನಂಬಿಕೆ.

ಇಪ್ಪತ್ತು ನಿಮಿಷದ ಕೆಲಸ

ಭಾನುವಾರ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿತ್ತು. ಸಮತಟ್ಟಾದ ಜಾಗ, ಎಳೆದ ಹ್ಯಾಂಡ್ ಬ್ರೇಕ್, ಜೇಬಿನಲ್ಲಿ ಕೀಲಿ. ಅಪ್ಪ ಕೂಲೆಂಟ್ ತೊಟ್ಟಿಯ ಮುಚ್ಚಳವನ್ನು ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿದರು. ಕೆಳಗೆ ಅಗಲವಾದ ತಟ್ಟೆಯೊಂದನ್ನು ಇಟ್ಟರು.

ಕಪ್ಲರ್ ಬಿಚ್ಚಿ, ತಾತ 'ಪಾನಾ' ಎನ್ನುವ ಸರಿಯಾದ ಅಳತೆಯ ಸ್ಪ್ಯಾನರ್ ಹಾಕಿ ಹಳೆಯ ಸೆನ್ಸರನ್ನು ಸಡಿಲಿಸಿದರು. ಕೊನೆಯ ಸುತ್ತುಗಳನ್ನು ಕೈಯಿಂದಲೇ ಬಿಚ್ಚಬೇಕು. ಹೊಸದು ಇನ್ನೊಂದು ಕೈಯಲ್ಲಿ ಸಿದ್ಧವಾಗಿರಬೇಕು. ಹಳೆಯದು ಹೊರಬಂದ ಕೂಡಲೇ ಹೊಸದನ್ನು ಇಟ್ಟರೆ ಸುರಿಯುವುದು ಒಂದು ಲೋಟದಷ್ಟು ಕೂಲೆಂಟ್ ಮಾತ್ರ. ಹಳೆಯ ವಾಷರ್ ರಂಧ್ರದಲ್ಲೇ ಅಂಟಿಕೊಂಡು ಉಳಿಯುವುದುಂಟು. ಅದನ್ನು ತೆಗೆಯಲು ಮರೆಯಬಾರದು. ಕೆಲವು ಕಾರುಗಳಲ್ಲಿ ಮರೆಯ ಬದಲು ಒಂದು ಕ್ಲಿಪ್ಪು ಮತ್ತು ರಬ್ಬರ್ ಓ-ರಿಂಗ್ ಇರುತ್ತದೆ. ಹೊಸ ಓ-ರಿಂಗಿಗೆ ಸ್ವಲ್ಪ ಕೂಲೆಂಟ್ ಸವರಿ ಹಾಕಿದರೆ ಹರಿಯದೆ ಕೂರುತ್ತದೆ.

ತಾತ ಪಕ್ಕದಲ್ಲೇ ನಿಂತು, "ಮೊದ್ಲು ಬೆರಳಲ್ಲೇ ತಿರುಗ್ಸು. ಬೆರಳಿಗೆ ಹೋಗ್ಲಿಲ್ಲ ಅಂದ್ರೆ ಮರೆ ಅಡ್ಡ ಬಿದ್ದಿದೆ ಅಂತ ಲೆಕ್ಕ" ಎಂದರು. ಎಂಜಿನ್ನಿನ ಆ ಭಾಗ ಅಲ್ಯೂಮಿನಿಯಂ. ಬಲವಂತ ಮಾಡಿದರೆ ಮರೆ ಕಿತ್ತುಹೋಗುತ್ತದೆ, ಉಳಿತಾಯದ ಹತ್ತರಷ್ಟು ಖರ್ಚಾಗುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಸಾಕು.

ಕಡಿಮೆಯಾದ ಕೂಲೆಂಟನ್ನು ಅದೇ ಜಾತಿಯ ಕೂಲೆಂಟಿನಿಂದಲೇ ತುಂಬಬೇಕು. ಬೋರ್‌ವೆಲ್ ನೀರು ಹಾಕಿದರೆ ನೀರೊಲೆಯ ಹಂಡೆಯಲ್ಲಿ ಕಟ್ಟುವಂಥ ಬಿಳಿ ಗಾರೆ ಒಳಗೂ ಕಟ್ಟುತ್ತದೆ. ಒಳಗೆ ಸೇರಿದ ಗಾಳಿಯನ್ನೂ ಕೈಪಿಡಿ ಹೇಳಿದ ಕ್ರಮದಲ್ಲಿ ಹೊರಹಾಕಬೇಕು. ಸೆನ್ಸರಿನ ತುದಿ ದ್ರವದ ಬದಲು ಗಾಳಿಗುಳ್ಳೆಯಲ್ಲಿ ಕೂತರೆ ಹೊಸ ಸೆನ್ಸರೂ ಸುಳ್ಳು ಹೇಳುತ್ತದೆ.

ತಟ್ಟೆಗೆ ಬಿದ್ದ ಕೂಲೆಂಟನ್ನು ಅಮ್ಮ ಬಾಟಲಿಗೆ ಸುರಿದು 'ವಿಷ' ಎಂದು ಚೀಟಿ ಅಂಟಿಸಿ ಎತ್ತಿಟ್ಟರು. ಗ್ಯಾರೇಜಿಗೆ ಕೊಡಲೆಂದು. ಕೂಲೆಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೀದಿ ನಾಯಿ ನೆಕ್ಕಿದರೂ ಸಾಯುತ್ತದೆ. ಚರಂಡಿಗೆ ಚೆಲ್ಲಬಾರದು, ತಂಪು ಪಾನೀಯದ ಬಾಟಲಿಯಲ್ಲಂತೂ ಇಡಲೇಬಾರದು.

ಕೆಲಸ ಮುಗಿಯಿತೆ?

ದೀಪ ಆರಿದರೆ ಕೆಲಸ ಮುಗಿಯಿತು ಎಂದು ಬಹಳ ಜನ ತಿಳಿಯುತ್ತಾರೆ. ಸ್ಕ್ಯಾನರಿನಲ್ಲಿ ಅಳಿಸಿದರೆ ದೀಪ ಹೇಗೂ ಆರುತ್ತದೆ. ರೋಗವಿದ್ದರೆ ಮತ್ತೆ ಹತ್ತುತ್ತದೆ. ಮಗಳು ಸಂಕೇತ ಅಳಿಸಿದ ಮೇಲೆ ಅಂಗಳದಲ್ಲಿ ಎಂಜಿನ್ ಶುರು ಮಾಡಿ, ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಂಡಳು. ಫ್ಯಾನು ಸುಮ್ಮನಿತ್ತು. ಉಷ್ಣತೆ ಎಲ್ಲೂ ನೆಗೆಯದೆ ಮೆಲ್ಲಗೆ ಏರಿ, 90 ದಾಟಿದ ಮೇಲೆ ಫ್ಯಾನು ಶುರುವಾಯಿತು, ಸ್ವಲ್ಪ ಇಳಿದ ಮೇಲೆ ನಿಂತಿತು. ಸೆನ್ಸರಿನ ಬುಡ ಒಣಗಿಯೇ ಇತ್ತು.

ಕೊನೆಯ ಪರೀಕ್ಷೆ ಮರುದಿನ ಬೆಳಿಗ್ಗೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟಿನ ಉಷ್ಣತೆಯೂ ಎಂಜಿನ್ ಸೇದುವ ಗಾಳಿಯ ಉಷ್ಣತೆಯೂ ಹೆಚ್ಚು ಕಡಿಮೆ ಒಂದೇ ಇರಬೇಕು. ಇವೆರಡೂ ಬೇರೆ ಬೇರೆ ಸೆನ್ಸರುಗಳು. ಒಬ್ಬರ ಸಾಕ್ಷಿಯನ್ನು ಇನ್ನೊಬ್ಬರಿಂದ ತಾಳೆ ನೋಡಿದಂತೆ. ತೆರೆಯ ಮೇಲೆ 20 ಮತ್ತು 20 ಎಂದು ಬಂತು. ಅಪ್ಪ ಕಾರು ತೆಗೆದುಕೊಂಡು ಬ್ಯಾಂಕಿಗೆ ಹೊರಟರು.

ಎಲ್ಲ ದುರಸ್ತಿಯೂ ಮನೆಯಲ್ಲಿ ಮಾಡುವಂಥದ್ದಲ್ಲ. ವಾರಂಟಿ ಇರುವ ಕಾರನ್ನು ಸರ್ವಿಸ್ ಕೇಂದ್ರಕ್ಕೇ ಒಯ್ಯಬೇಕು. ಪೆಟ್ರೋಲ್ ಕೊಳವೆ, ಬ್ರೇಕು, ಅಪಘಾತದಲ್ಲಿ ತೆರೆದುಕೊಳ್ಳುವ ಏರ್‌ಬ್ಯಾಗು, ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳು, ಇವುಗಳ ಹತ್ತಿರ ಮನೆಯವರು ಹೋಗಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಕ್ಕೆ ಅಪಾಯ; ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಕ್ಕಳು ದೊಡ್ಡವರಿಲ್ಲದೆ ಬಾನೆಟ್ ಎತ್ತಕೂಡದು.

ಮನೆಯಲ್ಲಿ ಕಾರಿಲ್ಲದವರೂ ಈ ಪಾಠದಿಂದ ವಂಚಿತರಾಗಬೇಕಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ '10 ಕೆ' ಥರ್ಮಿಸ್ಟರ್ ಕೆಲವೇ ರೂಪಾಯಿಗೆ ಸಿಗುತ್ತದೆ. 25 ಡಿಗ್ರಿಯಲ್ಲಿ ಅದು 10,000 ಓಮ್. ಮಂಜುಗಡ್ಡೆಯ ನೀರಿನಲ್ಲಿ ಸುಮಾರು ಮೂರು ಪಟ್ಟು. ಶಾಲೆಯ ಮಲ್ಟಿಮೀಟರ್ ಸಾಕು. ತಂತಿಯ ತುದಿಗಳಿಗೆ ನೀರು ತಾಗದಂತೆ ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅದ್ದಿ, ಐದಾರು ಉಷ್ಣತೆಗಳಲ್ಲಿ ಅಳೆದು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟರೆ ನೇರ ಗೆರೆ ಬರುವುದಿಲ್ಲ. ಏಕೆ ಬರುವುದಿಲ್ಲ ಎಂದು ಮೇಷ್ಟರನ್ನು ಕೇಳಬಹುದು.

ಮೈಸೂರಿನ ಆ ಮನೆಯಲ್ಲಿ ಹಳೆಯ ಸೆನ್ಸರ್ ಈಗ ಮಗಳ ಓದುವ ಮೇಜಿನ ಮೇಲಿದೆ. ಅವಳು ಓದಲು ಕೂತಾಗ ಅಪ್ಪ ಆಗಾಗ ಬಂದು, ಇವತ್ತು ಯಾವ ಪಾಠ ಎಂದು ಕೇಳಿ, ಎದುರಿನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ.